ಸಮುದಾಯದ ಆರೋಗ್ಯವನ್ನು ಅರಿಯುವ ಬಗೆ: ಸಾರ್ವಜನಿಕ ಆರೋಗ್ಯ ಶುಶ್ರೂಷಕಿಯರಿಗೆ ಒಂದು ಕೈಪಿಡಿ

ಆರೋಗ್ಯ ಕೇಂದ್ರಕ್ಕೆ ಬಂದವರ ಲೆಕ್ಕವನ್ನಷ್ಟೇ ಹಿಡಿದುಕೊಂಡು ಒಂದು ಸಮುದಾಯದ ಆರೋಗ್ಯ ಹೇಗಿದೆ ಎಂದು ಹೇಳಲು ಬರುವುದಿಲ್ಲ. ಅಲ್ಲಿಗೆ ಬಂದವರು ಬರಲು ಸಾಧ್ಯವಾದವರು. ದೂರ, ದುಡಿಮೆಯ ವೇಳೆ, ಖರ್ಚು, ಸಂಕೋಚ, ಹಿಂದೊಮ್ಮೆ ಕೇಳಬೇಕಾಗಿ ಬಂದ ಗದರಿಕೆ ಮುಂತಾದ ಕಾರಣಗಳಿಂದ ಬಾರದೆ ಉಳಿದವರ ಕಾಯಿಲೆ ಯಾವ ರಿಜಿಸ್ಟರಿನಲ್ಲಿಯೂ ದಾಖಲಾಗಿರುವುದಿಲ್ಲ. ಬ್ರಿಟನ್ನಿನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಇದನ್ನು ಒಂದು ನಿಯಮದ ರೂಪದಲ್ಲಿಯೇ ಮುಂದಿಟ್ಟರು: ಒಳ್ಳೆಯ ವೈದ್ಯಕೀಯ ಆರೈಕೆ ಯಾರಿಗೆ ಹೆಚ್ಚು ಬೇಕಾಗಿದೆಯೋ ಅವರಿಗೇ ಅದು ಕಡಿಮೆ ದೊರೆಯುತ್ತದೆ. ಸಮುದಾಯದ ಆರೋಗ್ಯ ಮೌಲ್ಯಮಾಪನವೆಂದರೆ ಹೀಗೆ ದಾಖಲೆಯಿಂದ ಹೊರಗುಳಿದವರನ್ನೂ ಸೇರಿಸಿಕೊಂಡು ಇಡೀ ಜನಸಮೂಹದ ಸ್ಥಿತಿಯನ್ನು ತಿಳಿಯುವ ಕ್ರಮಬದ್ಧವಾದ ಕೆಲಸ.

ಈ ಕೆಲಸಕ್ಕೆ ಶುಶ್ರೂಷಕಿಯೇ ಏಕೆ ಬೇಕು ಎಂಬುದಕ್ಕೆ ವೃತ್ತಿಯ ಇತಿಹಾಸದಲ್ಲಿಯೇ ಉತ್ತರವಿದೆ. ಲಿಲಿಯನ್ ವಾಲ್ಡ್ 1893ರಲ್ಲಿ ನ್ಯೂಯಾರ್ಕಿನ ವಲಸಿಗರ ಇಕ್ಕಟ್ಟಾದ ಕೇರಿಗಳಲ್ಲಿ ಮನೆಮನೆಗೆ ಹೋಗಿ ಶುಶ್ರೂಷೆ ಆರಂಭಿಸಿದರು. ತಾವೂ ತಮ್ಮ ಸಹೋದ್ಯೋಗಿಗಳೂ ಮಾಡುತ್ತಿದ್ದ ಈ ಕೆಲಸಕ್ಕೆ ಸಾರ್ವಜನಿಕ ಆರೋಗ್ಯ ಶುಶ್ರೂಷೆ ಎಂಬ ಹೆಸರನ್ನು ಕೊಟ್ಟವರೂ ಅವರೇ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತಾಗ ಆ ಮನೆಯ ಬೆಳಕು, ನೀರು, ಬಾಡಿಗೆ, ದುಡಿಮೆ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಸಂಖ್ಯಾಶಾಸ್ತ್ರಜ್ಞರಿಗೆ ಅಂಕಿಗಳು ಸಿಗಬಹುದು, ಆಡಳಿತಗಾರರಿಗೆ ನಕ್ಷೆಗಳು ಸಿಗಬಹುದು. ಆದರೆ ಒಂದೇ ವಾರದಲ್ಲಿ ಅಂಕಿಯನ್ನೂ ನೋಡಿ, ಆ ಅಂಕಿಯ ಹಿಂದಿರುವ ಮನೆಯ ಒಳಗೂ ಹೋಗಿಬರುವ ಅವಕಾಶ ಶುಶ್ರೂಷಕಿಗೆ ಇರುವಷ್ಟು ಬೇರೆ ಯಾರಿಗೂ ಇರುವುದಿಲ್ಲ. ಮುಂದೆ ವಿವರಿಸಿರುವ ವಿಧಾನವೆಲ್ಲ ಈ ಅನುಕೂಲದ ಮೇಲೆಯೇ ನಿಂತಿದೆ.

ಮೊದಲು ಎಲ್ಲೆಯನ್ನು ಗುರುತಿಸಿಕೊಳ್ಳುವುದು

ಯಾವ ಸಮುದಾಯವನ್ನು ಅಳೆಯುತ್ತಿದ್ದೇವೆ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಬೇಕು. ಆಡಳಿತದ ಗಡಿ, ಆರೋಗ್ಯ ಕೇಂದ್ರದ ವ್ಯಾಪ್ತಿ, ಜನರು ತಾವಾಗಿಯೇ ‘ನಮ್ಮ ಊರು’, ‘ನಮ್ಮ ಕೇರಿ’ ಎಂದು ಕರೆದುಕೊಳ್ಳುವ ಪ್ರದೇಶ, ಈ ಮೂರೂ ಒಂದರ ಮೇಲೊಂದು ಸರಿಯಾಗಿ ಕೂರುವುದು ಅಪರೂಪ. ಗಡಿಯ ಅಂಚಿನಲ್ಲಿರುವ ವಸತಿಗಳು, ಕಟ್ಟಡ ನಿರ್ಮಾಣದ ಜಾಗದಲ್ಲಿಯೇ ತಾತ್ಕಾಲಿಕವಾಗಿ ಉಳಿದುಕೊಂಡಿರುವ ಕಾರ್ಮಿಕರು, ಋತುವಿಗೊಮ್ಮೆ ಬಂದುಹೋಗುವ ಕುಟುಂಬಗಳು, ಹಾಸ್ಟೆಲುಗಳಲ್ಲಿಯೂ ವೃದ್ಧಾಶ್ರಮಗಳಲ್ಲಿಯೂ ಇರುವವರು ಯಾವ ಪಟ್ಟಿಗೆ ಸೇರುತ್ತಾರೆ ಎಂಬುದನ್ನು ಈ ಹಂತದಲ್ಲಿಯೇ ತೀರ್ಮಾನಿಸದಿದ್ದರೆ, ಅವರು ಎರಡು ಪಟ್ಟಿಗಳ ನಡುವೆ ಬಿದ್ದುಹೋಗುತ್ತಾರೆ. ಅನುಮಾನವಿದ್ದಲ್ಲಿ ಅವರನ್ನು ಸೇರಿಸಿಕೊಳ್ಳುವುದೇ ಮೇಲು. ನಂತರ ಬೇರೆಯಾಗಿ ವಿಶ್ಲೇಷಿಸಬಹುದು, ಆದರೆ ಬಿಟ್ಟುಹೋದವರನ್ನು ಕೊನೆಯಲ್ಲಿ ಸೇರಿಸಲು ಆಗುವುದಿಲ್ಲ.

ಏನೆಲ್ಲವನ್ನು ನೋಡಬೇಕು ಎಂಬುದಕ್ಕೆ ಒಂದು ಚೌಕಟ್ಟು ಬೇಕಾಗುತ್ತದೆ. ಎಲಿಜಬೆತ್ ಆ್ಯಂಡರ್ಸನ್ ಮತ್ತು ಜುಡಿತ್ ಮೆಕ್‌ಫಾರ್ಲೇನ್ ರೂಪಿಸಿದ, ಸಮುದಾಯವನ್ನು ಪಾಲುದಾರನೆಂದು ಪರಿಗಣಿಸುವ ಮಾದರಿಯು ಶುಶ್ರೂಷಾ ಶಿಕ್ಷಣದಲ್ಲಿ ಹೆಚ್ಚು ಬಳಕೆಯಲ್ಲಿದೆ. ಅದರ ಕೇಂದ್ರದಲ್ಲಿ ಜನರಿದ್ದಾರೆ: ಅವರ ಇತಿಹಾಸ, ವಯಸ್ಸು, ಭಾಷೆ, ನಂಬಿಕೆ, ಮೌಲ್ಯಗಳು. ಸುತ್ತಲೂ ಎಂಟು ಉಪವ್ಯವಸ್ಥೆಗಳಿವೆ: ಭೌತಿಕ ಪರಿಸರ, ಶಿಕ್ಷಣ, ಸುರಕ್ಷತೆ ಹಾಗೂ ಸಾರಿಗೆ, ರಾಜಕೀಯ ಹಾಗೂ ಆಡಳಿತ, ಆರೋಗ್ಯ ಹಾಗೂ ಸಾಮಾಜಿಕ ಸೇವೆಗಳು, ಸಂವಹನ, ಆರ್ಥಿಕತೆ ಮತ್ತು ಮನರಂಜನೆ. ಈ ಎಂಟು ಶೀರ್ಷಿಕೆಗಳನ್ನು ಟಿಪ್ಪಣಿ ಪುಸ್ತಕದ ಎಂಟು ಭಾಗಗಳಾಗಿ ಮಾಡಿಕೊಂಡರೆ ಯಾವುದೂ ತಪ್ಪಿಹೋಗುವುದಿಲ್ಲ. ಆದರೆ ಎಂಟನ್ನೂ ಸಮಪ್ರಮಾಣದಲ್ಲಿ ತುಂಬಲೇಬೇಕೆಂಬ ಹಟ ಬೇಡ. ವಿದ್ಯಾರ್ಥಿನಿಯರ ವರದಿಗಳಲ್ಲಿ ಮನರಂಜನೆಯ ಕುರಿತು ಎರಡು ಪುಟ, ಕುಡಿಯುವ ನೀರಿನ ಕುರಿತು ಎರಡು ಸಾಲು ಇರುವುದು ಈ ಹಟದ ಫಲ.

ಅಂಕಿಗಳನ್ನು ಓದುವುದು: ಅಂಶ ಮತ್ತು ಛೇದ

ಈಗಾಗಲೇ ಇರುವ ದಾಖಲೆಗಳನ್ನು ಮೊದಲು ಕೂಡಿಹಾಕಬೇಕು: ಜನಗಣತಿ, ಜನನ ಮರಣ ನೋಂದಣಿ, ಲಸಿಕೆಯ ದಾಖಲೆ, ಗರ್ಭಿಣಿಯರ ನೋಂದಣಿ, ಹೊರರೋಗಿಗಳ ಪುಸ್ತಕ, ಅಧಿಸೂಚಿತ ರೋಗಗಳ ವರದಿ, ಶಾಲೆಯ ಹಾಜರಿ, ನೀರಿನ ಗುಣಮಟ್ಟದ ಪರೀಕ್ಷೆಯ ಫಲಿತಾಂಶ. ಇವುಗಳಲ್ಲಿ ಪ್ರತಿಯೊಂದನ್ನೂ ತೆರೆಯುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಪುಸ್ತಕದಲ್ಲಿ ಯಾರು ಬರೆಯಲ್ಪಡುತ್ತಾರೆ, ಯಾರು ಬರೆಯಲ್ಪಡುವುದಿಲ್ಲ?

ಶಾಲೆಯಲ್ಲಿ ಭಿನ್ನರಾಶಿ ಕಲಿಯುವಾಗ ಮೇಲಿನದನ್ನು ಅಂಶ, ಕೆಳಗಿನದನ್ನು ಛೇದ ಎಂದು ಕಲಿತಿರುತ್ತೇವೆ. ಸಮುದಾಯದ ಆರೋಗ್ಯದಲ್ಲಿ ಅಂಶವನ್ನು ಕಂಡುಹಿಡಿಯುವುದು ಸುಲಭ, ಛೇದವನ್ನು ಕಂಡುಹಿಡಿಯುವುದು ಕಷ್ಟ. ‘ಈ ವರ್ಷ 40 ಮಕ್ಕಳಿಗೆ ಭೇದಿಯಾಯಿತು’ ಎಂಬ ವಾಕ್ಯದಿಂದ ಏನೂ ತಿಳಿಯುವುದಿಲ್ಲ. 200 ಮಕ್ಕಳಲ್ಲಿ 40 ಮಂದಿಗೋ, 2,000 ಮಕ್ಕಳಲ್ಲಿ 40 ಮಂದಿಗೋ ಎಂಬುದು ಗೊತ್ತಾದಾಗ ಮಾತ್ರ ಅದು ಮಾಹಿತಿಯಾಗುತ್ತದೆ. ಆದ್ದರಿಂದ ಪ್ರತಿ ಎಣಿಕೆಯನ್ನೂ ದರವಾಗಿ ಬದಲಿಸಿಕೊಳ್ಳಬೇಕು. ಶಿಶು ಮರಣ ದರವನ್ನು ಪ್ರತಿ 1,000 ಸಜೀವ ಜನನಗಳಿಗೆ, ತಾಯಂದಿರ ಮರಣ ಪ್ರಮಾಣವನ್ನು ಪ್ರತಿ 1,00,000 ಸಜೀವ ಜನನಗಳಿಗೆ ಲೆಕ್ಕ ಹಾಕುವುದು ರೂಢಿ. ಹೊಸದಾಗಿ ರೋಗ ಬಂದವರ ದರವನ್ನೂ, ಒಂದು ನಿರ್ದಿಷ್ಟ ಸಮಯದಲ್ಲಿ ರೋಗವಿರುವವರೆಲ್ಲರ ಪ್ರಮಾಣವನ್ನೂ ಬೇರೆಬೇರೆಯಾಗಿ ಇಡಬೇಕು. ಮಧುಮೇಹದಂತಹ ದೀರ್ಘಕಾಲದ ರೋಗದಲ್ಲಿ ಚಿಕಿತ್ಸೆ ಉತ್ತಮಗೊಂಡು ರೋಗಿಗಳು ಹೆಚ್ಚು ಕಾಲ ಬದುಕಿದರೆ, ಹೊಸ ರೋಗಿಗಳು ಹೆಚ್ಚದಿದ್ದರೂ ಒಟ್ಟು ರೋಗಿಗಳ ಪ್ರಮಾಣ ಏರುತ್ತದೆ. ಈ ಏರಿಕೆಯನ್ನು ಸೋಲೆಂದು ತಿಳಿದರೆ ತಪ್ಪಾಗುತ್ತದೆ.

ಸಣ್ಣ ಸಮುದಾಯಗಳಲ್ಲಿ ದರಗಳು ಮೋಸ ಮಾಡುತ್ತವೆ ಎಂಬುದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ವರ್ಷಕ್ಕೆ 25 ಹೆರಿಗೆಗಳಾಗುವ ಒಂದು ವಸತಿಯನ್ನು ಊಹಿಸಿಕೊಳ್ಳೋಣ. ಒಂದು ಶಿಶು ತೀರಿಕೊಂಡರೆ ಮರಣ ದರ 1,000ಕ್ಕೆ 40 ಆಗುತ್ತದೆ; ಮರುವರ್ಷ ಎರಡು ಶಿಶುಗಳು ತೀರಿಕೊಂಡರೆ 80 ಆಗುತ್ತದೆ; ಅದರ ಮರುವರ್ಷ ಒಂದೂ ಸಾವಾಗದಿದ್ದರೆ ಸೊನ್ನೆ. ವರದಿಯಲ್ಲಿ ಇದು ಮೊದಲು ದುರಂತದಂತೆ, ಆಮೇಲೆ ಪವಾಡದಂತೆ ಕಾಣುತ್ತದೆ, ವಾಸ್ತವದಲ್ಲಿ ಅಲ್ಲಿ ಏನೂ ಬದಲಾಗದೆ ಇರಬಹುದು. ಇಂಥ ಕಡೆ ಮೂರರಿಂದ ಐದು ವರ್ಷಗಳ ಅಂಕಿಗಳನ್ನು ಕೂಡಿಸಿ ಒಂದೇ ದರವನ್ನು ತೆಗೆಯಬೇಕು. ಜೊತೆಗೆ ಪ್ರತಿಯೊಂದು ಸಾವಿನ ಹಿನ್ನೆಲೆಯನ್ನೂ ಮನೆಯವರೊಂದಿಗೆ ಮಾತನಾಡಿ ತಿಳಿದುಕೊಳ್ಳಬೇಕು. ಯಾವಾಗ ಲಕ್ಷಣ ಕಾಣಿಸಿತು, ಯಾವಾಗ ಹೊರಟರು, ವಾಹನ ಸಿಗಲು ಎಷ್ಟು ಹೊತ್ತಾಯಿತು, ತಲುಪಿದ ಮೇಲೆ ಎಷ್ಟು ಹೊತ್ತು ಕಾದರು ಎಂಬ ವಿವರಗಳು, ಸಾವುಗಳ ಸಂಖ್ಯೆ ಕಡಿಮೆಯಿರುವಲ್ಲಿ, ಯಾವ ದರಕ್ಕಿಂತಲೂ ಹೆಚ್ಚು ಕಲಿಸುತ್ತವೆ. ದುಃಖದಲ್ಲಿರುವ ಮನೆಗೆ ಹೋಗುವ ಈ ಭೇಟಿಯನ್ನು ತರಬೇತಿ ಪಡೆದವರೇ ಮಾಡಬೇಕು. ದೋಷ ಹುಡುಕಲು ಬಂದಿಲ್ಲವೆಂಬುದು ಮೊದಲ ಮಾತಿನಲ್ಲಿಯೇ ಮನೆಯವರಿಗೆ ತಿಳಿಯಬೇಕು.

ಎರಡು ಪ್ರದೇಶಗಳನ್ನು ಹೋಲಿಸುವಾಗ ವಯೋರಚನೆಯನ್ನು ಗಮನಿಸದೆ ಮುಂದುವರಿಯಬಾರದು. ಯುವಜನರು ದುಡಿಮೆಗಾಗಿ ಹೊರಗೆ ಹೋಗಿ, ವೃದ್ಧರೇ ಉಳಿದಿರುವ ಊರಿನಲ್ಲಿ ಒಟ್ಟು ಮರಣ ದರ ಹೆಚ್ಚಿರುವುದು ಸಹಜ. ಅದು ಆ ಊರು ಹೆಚ್ಚು ರೋಗಗ್ರಸ್ತವೆಂಬುದಕ್ಕೆ ಸಾಕ್ಷಿಯಲ್ಲ. ವಯೋಗುಂಪಿನ ಪ್ರಕಾರ ದರಗಳನ್ನು ಬೇರೆಬೇರೆಯಾಗಿ ಇಟ್ಟು ಹೋಲಿಸಿದರೆ ಸಾಕಷ್ಟು ಗೊಂದಲ ತಪ್ಪುತ್ತದೆ. ಹಾಗೆಯೇ ಒಟ್ಟು ಸರಾಸರಿಗಳನ್ನೂ ನಂಬಬಾರದು. ಒಂದು ಪ್ರದೇಶದಲ್ಲಿ ಶೇಕಡಾ 90 ಮಕ್ಕಳಿಗೆ ಲಸಿಕೆಯಾಗಿದೆ ಎಂದಾಗ ಉಳಿದ ಶೇಕಡಾ 10 ಮಕ್ಕಳು ಎಲ್ಲೆಡೆ ಚದುರಿಹೋಗಿದ್ದಾರೋ ಅಥವಾ ಒಂದೇ ಕೇರಿಯಲ್ಲಿ ಕೂಡಿದ್ದಾರೋ ಎಂಬುದನ್ನು ನಕ್ಷೆಯ ಮೇಲೆ ಗುರುತು ಹಾಕಿ ನೋಡಬೇಕು. ದಡಾರದ ಹರಡುವಿಕೆಯನ್ನು ತಡೆಯಲು ಶೇಕಡಾ 95ರಷ್ಟು ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ಲಸಿಕೆಯಾಗದ ಮಕ್ಕಳು ಒಂದೇ ಕಡೆ ಇದ್ದರೆ, ಒಟ್ಟು ಸರಾಸರಿ ಎಷ್ಟೇ ಚೆನ್ನಾಗಿದ್ದರೂ ರೋಗ ಅಲ್ಲಿ ಕಾಣಿಸಿಕೊಂಡೇ ತೀರುತ್ತದೆ.

ಲಸಿಕೆಯ ದಾಖಲೆಯಿಂದಲೇ ಇನ್ನೊಂದು ಉಪಯುಕ್ತ ಸೂಚಕವನ್ನು ತೆಗೆಯಬಹುದು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ವಿರುದ್ಧದ ಲಸಿಕೆಯ ಮೊದಲ ಡೋಸ್ ಪಡೆದವರಲ್ಲಿ ಮೂರನೆಯ ಡೋಸಿಗೆ ಬಾರದೆ ಉಳಿದವರ ಶೇಕಡಾವಾರು ಪ್ರಮಾಣವೇ ಆ ಸೂಚಕ. ಮೊದಲ ಡೋಸ್ 90 ಮಕ್ಕಳಿಗೆ, ಮೂರನೆಯದು 72 ಮಕ್ಕಳಿಗೆ ಆಗಿದ್ದರೆ ಬಿಟ್ಟುಹೋದವರು ಶೇಕಡಾ 20. ಇದು ಶೇಕಡಾ 10ನ್ನು ದಾಟಿದರೆ ಸೇವೆಯ ಬಳಕೆಯಲ್ಲಿ ತೊಂದರೆಯಿದೆಯೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಮೊದಲ ಡೋಸಿಗೇ ಬಾರದವರಿದ್ದರೆ ಸೇವೆ ಅವರನ್ನು ತಲುಪಿಲ್ಲ ಎಂದು ಊಹಿಸಬಹುದು. ಮೊದಲ ಡೋಸಿಗೆ ಬಂದು ಮೂರನೆಯದಕ್ಕೆ ಬಾರದವರಿದ್ದರೆ ತಲುಪಿದ ಸೇವೆಯಲ್ಲಿ ಏನೋ ಅವರನ್ನು ಹಿಂದೆಗೆಯುವಂತೆ ಮಾಡಿದೆ. ಕಾಯುವ ಹೊತ್ತು, ಲಸಿಕೆಯ ನಂತರದ ಜ್ವರದ ಬಗ್ಗೆ ಯಾರೂ ಮುಂಚಿತವಾಗಿ ಹೇಳದೆ ಇದ್ದುದು, ಲಸಿಕೆ ಮುಗಿದಿದೆ ಎಂದು ಹಿಂದಿರುಗಿಸಿದ್ದು, ಇವುಗಳಲ್ಲಿ ಯಾವುದು ಎಂಬುದನ್ನು ರಿಜಿಸ್ಟರ್ ಹೇಳುವುದಿಲ್ಲ. ಅದನ್ನು ತಾಯಂದಿರೇ ಹೇಳಬೇಕು.

ನಡೆದು ನೋಡುವುದು

ಪಾಶ್ಚಾತ್ಯ ಪಠ್ಯಗಳು ಕಾರಿನ ಗಾಜಿನ ಮೂಲಕ ನೋಡುತ್ತಾ ಸಾಗುವ ಸಮೀಕ್ಷೆಯನ್ನು ಹೇಳುತ್ತವೆ. ನನ್ನ ಅಭಿಪ್ರಾಯದಲ್ಲಿ ಕಾಲ್ನಡಿಗೆಯೇ ಉತ್ತಮ. ವಾಹನ ಹೋಗುವ ದಾರಿಗಳಲ್ಲಿ ಮಾತ್ರ ನೋಡಿದರೆ ವಾಹನ ಹೋಗಲಾರದ ಕಡೆ ಇರುವವರು ಮತ್ತೆ ಹೊರಗುಳಿಯುತ್ತಾರೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ತಗ್ಗಿನಿಂದ ಎತ್ತರದವರೆಗೆ, ಸ್ಥಳೀಯರೊಬ್ಬರ ಜೊತೆಯಲ್ಲಿ ಒಂದು ಗೆರೆ ಹಿಡಿದು ನಡೆಯಬೇಕು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಸಾಧ್ಯವಾದರೆ ಮಳೆಯ ನಂತರ ಒಮ್ಮೆ ನಡೆಯುವುದು ಒಳ್ಳೆಯದು. ಹಗಲಿನಲ್ಲಿ ಸುರಕ್ಷಿತವಾಗಿ ಕಾಣುವ ದಾರಿ ಕತ್ತಲೆಯಲ್ಲಿ ಹೆಂಗಸರು ಬಳಸದ ದಾರಿಯಾಗಿರಬಹುದು. ಶೌಚಾಲಯ ಆ ದಾರಿಯ ಕೊನೆಯಲ್ಲಿದ್ದರೆ ಅದು ಆರೋಗ್ಯದ ವಿಷಯವೇ ಆಗುತ್ತದೆ.

ನಡೆಯುವಾಗ ನೋಡಬೇಕಾದದ್ದು ಬಹಳ. ನೀರು ಎಲ್ಲಿಂದ ಬರುತ್ತದೆ, ಮನೆಯಲ್ಲಿ ಅದನ್ನು ಹೇಗೆ ಶೇಖರಿಸುತ್ತಾರೆ, ಕೊಳವೆಯ ಪಕ್ಕದಲ್ಲಿ ಚರಂಡಿ ಹಾದುಹೋಗುತ್ತದೆಯೇ ಎಂಬುದರಿಂದ ಆರಂಭಿಸಬೇಕು. ಕ್ಲೋರಿನ್ ಹಾಕಿದ ನೀರಿನಲ್ಲಿ, ಅದು ಜನರಿಗೆ ತಲುಪುವ ಜಾಗದಲ್ಲಿ, ಪ್ರತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶನ. ಬಣ್ಣ ನೋಡಿ ಹೇಳುವ ಸರಳ ಪರೀಕ್ಷಾ ಪೆಟ್ಟಿಗೆಯನ್ನು ಕೈಚೀಲದಲ್ಲಿಯೇ ಒಯ್ಯಬಹುದು, ಮತ್ತು ಪರೀಕ್ಷೆಯನ್ನು ಟ್ಯಾಂಕಿನ ಬಳಿ ಮಾಡುವುದರ ಬದಲು ಕೊಳವೆಯ ಕಟ್ಟಕಡೆಯ ನಲ್ಲಿಯಲ್ಲಿಯೇ ಮಾಡಬೇಕು. ಇದರ ಜೊತೆಗೆ ಕಸ ಎಲ್ಲಿ ಸೇರುತ್ತದೆ, ನಿಂತ ನೀರು ಎಲ್ಲಿದೆ, ಅಡುಗೆಯ ಹೊಗೆ ಹೊರಹೋಗಲು ದಾರಿಯಿದೆಯೇ, ಗಾಲಿಕುರ್ಚಿಯಲ್ಲಿರುವವರು ಆರೋಗ್ಯ ಕೇಂದ್ರದ ಮೆಟ್ಟಿಲನ್ನು ಹೇಗೆ ಹತ್ತುತ್ತಾರೆ, ಮದ್ಯ ಮತ್ತು ತಂಬಾಕು ಶಾಲೆಯಿಂದ ಎಷ್ಟು ದೂರದಲ್ಲಿ ಸಿಗುತ್ತವೆ, ಶಾಲೆಯ ವೇಳೆಯಲ್ಲಿ ಬೀದಿಯಲ್ಲಿ ಕಾಣುವ ಮಕ್ಕಳು ಯಾರು ಎಂಬುದೆಲ್ಲ ಟಿಪ್ಪಣಿಗೆ ಬರಬೇಕು.

ಕಂಡದ್ದನ್ನು ಮತ್ತು ಅದರಿಂದ ಊಹಿಸಿದ್ದನ್ನು ಪ್ರತ್ಯೇಕ ಅಂಕಣಗಳಲ್ಲಿ ಬರೆಯುವ ಅಭ್ಯಾಸ ಬಹಳ ಉಪಕಾರಿ. ‘ಮೂವರು ಗಂಡಸರು ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತಿದ್ದರು’ ಎಂಬುದು ಕಂಡದ್ದು. ‘ನಿರುದ್ಯೋಗವಿದೆ’ ಎಂಬುದು ಊಹೆ. ಅವರು ರಾತ್ರಿಪಾಳಿ ಮುಗಿಸಿ ಬಂದವರಿರಬಹುದು.

ಕೊರತೆಗಳನ್ನು ಮಾತ್ರ ಪಟ್ಟಿ ಮಾಡುವುದು ಆರೋಗ್ಯ ಸಿಬ್ಬಂದಿಗೆ ಅಂಟಿಕೊಂಡ ಚಾಳಿ. ಜಾನ್ ಕ್ರೆಟ್ಜ್‌ಮನ್ ಮತ್ತು ಜಾನ್ ಮೆಕ್‌ನೈಟ್ 1993ರಲ್ಲಿ ಇದಕ್ಕೆ ಪ್ರತಿಯಾಗಿ ಸಮುದಾಯದಲ್ಲಿ ಈಗಾಗಲೇ ಇರುವ ಶಕ್ತಿಗಳ ನಕ್ಷೆಯನ್ನು ಮೊದಲು ಬರೆಯಬೇಕೆಂಬ ವಿಧಾನವನ್ನು ಮುಂದಿಟ್ಟರು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬರಿಗೊಬ್ಬರು ಆಸರೆಯಾಗುವ ಮನೆಗಳು, ಉಳಿತಾಯ ಗುಂಪುಗಳು, ಯಾವ ಹೊತ್ತಿಗೆ ಕರೆದರೂ ಬರುವ ವಾಹನದವರು, ನಿವೃತ್ತ ಶಿಕ್ಷಕಿಯರು, ಎಲ್ಲರಿಗೂ ತೆರೆದಿರುವ ಅಂಗಳ ಇವೆಲ್ಲವೂ ಈ ನಕ್ಷೆಯಲ್ಲಿ ಬರಬೇಕು, ಏಕೆಂದರೆ ಮುಂದೆ ಯಾವ ಕಾರ್ಯಕ್ರಮ ಮಾಡಿದರೂ ಅದು ನಡೆಯುವುದು ಇವರ ಬಲದಿಂದಲೇ.

ಜನರನ್ನು ಕೇಳುವುದು

ಆರೋಗ್ಯ ರಕ್ಷಣೆಯ ಯೋಜನೆಯಲ್ಲಿಯೂ ಅನುಷ್ಠಾನದಲ್ಲಿಯೂ ಪಾಲ್ಗೊಳ್ಳುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು ಪ್ರಾಥಮಿಕ ಆರೋಗ್ಯ ರಕ್ಷಣೆಯ ಕುರಿತ ಅಂತಾರಾಷ್ಟ್ರೀಯ ಸಮ್ಮೇಳನ ಹೊರಡಿಸಿದ 1978ರ ಆಲ್ಮಾ ಆಟಾ ಘೋಷಣೆ ಸಾರಿತು. ಆದರೂ ಕೇಳುವ ಕೆಲಸವನ್ನು ಹೆಚ್ಚಿನವರು ಮುಖಂಡರ ಮನೆಯಲ್ಲಿ ಆರಂಭಿಸಿ ಅಲ್ಲಿಯೇ ಮುಗಿಸುತ್ತಾರೆ. ಮುಖಂಡರನ್ನು, ಶಿಕ್ಷಕರನ್ನು, ಔಷಧಿ ಅಂಗಡಿಯವರನ್ನು, ಸೂಲಗಿತ್ತಿಯರನ್ನು ಮಾತನಾಡಿಸಲೇಬೇಕು, ಏಕೆಂದರೆ ಅವರಿಗೆ ತಿಳಿದಿರುವುದು ಬಹಳ. ಮಧ್ಯರಾತ್ರಿಯಲ್ಲಿ ಯಾರು ಯಾವ ಮಾತ್ರೆ ಕೇಳಿಕೊಂಡು ಬರುತ್ತಾರೆ ಎಂಬುದನ್ನು ಔಷಧಿ ಅಂಗಡಿಯವರಷ್ಟು ಚೆನ್ನಾಗಿ ಬಲ್ಲವರು ಇಲ್ಲ. ಆದರೆ ಪ್ರತಿ ಭೇಟಿಯ ಕೊನೆಯಲ್ಲಿ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ‘ನಾವು ಯಾರನ್ನು ಮಾತನಾಡಿಸದೆ ಬಿಟ್ಟರೆ ತಪ್ಪಾಗುತ್ತದೆ?’ ಆ ಉತ್ತರದ ಬೆನ್ನು ಹಿಡಿದು ಹೋದರೆ ಮುಖಂಡರ ಮನೆಯಿಂದ ಬಲುದೂರದ ಬಾಗಿಲುಗಳನ್ನು ಮುಟ್ಟುತ್ತೇವೆ.

ಗುಂಪು ಚರ್ಚೆಗೆ ಆರರಿಂದ ಹತ್ತು ಮಂದಿ ಸಾಕು, ಮತ್ತು ಅವರು ಒಬ್ಬರೆದುರು ಒಬ್ಬರು ಬಾಯಿ ಬಿಡಬಲ್ಲಂಥವರಾಗಿರಬೇಕು. ಸೊಸೆಯಂದಿರನ್ನೂ ಅತ್ತೆಯರನ್ನೂ, ಕೂಲಿಯವರನ್ನೂ ಕೂಲಿ ಕೊಡುವವರನ್ನೂ ಒಂದೇ ವೃತ್ತದಲ್ಲಿ ಕೂರಿಸಿದರೆ ಮಾತನಾಡುವವರು ಯಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಗರ್ಭಪಾತ, ಮನೆಯೊಳಗಿನ ಹಿಂಸೆ, ಮದ್ಯಪಾನ, ಮಾನಸಿಕ ಕಾಯಿಲೆ, ಕ್ಷಯ ಇಂಥ ವಿಷಯಗಳನ್ನು ಗುಂಪಿನಲ್ಲಿ ಎತ್ತಲೇಬಾರದು. ಇವು ಒಬ್ಬರೊಂದಿಗೆ ಒಬ್ಬರು, ಮರೆಯಲ್ಲಿ ಕುಳಿತು ಆಡುವ ಮಾತುಗಳು. ಹಿಂಸೆಯ ಬಗ್ಗೆ ಕೇಳುವ ಮೊದಲು, ‘ಹೌದು’ ಎಂಬ ಉತ್ತರ ಬಂದರೆ ಆಕೆಗೆ ಎಲ್ಲಿ ನೆರವು ದೊರಕಿಸಬಹುದು ಎಂಬುದು ಕೇಳುವವಳಿಗೆ ಗೊತ್ತಿರಬೇಕು. ನೆರವಿನ ದಾರಿ ಗೊತ್ತಿಲ್ಲದೆ ಪ್ರಶ್ನೆ ಕೇಳುವುದು ಅಪಾಯಕಾರಿ.

ಪ್ರಶ್ನೆಗಳು ತೆರೆದ ಬಾಯಿಯವಾಗಿರಬೇಕು. ‘ಇಲ್ಲಿ ರಕ್ತದೊತ್ತಡದ ಸಮಸ್ಯೆ ಇದೆಯೇ?’ ಎಂದು ಕೇಳಿದರೆ, ಕೇಳಿದವಳನ್ನು ಮೆಚ್ಚಿಸಲು ‘ಇದೆ’ ಎನ್ನುತ್ತಾರೆ. ‘ಕಳೆದ ವರ್ಷ ನಿಮ್ಮ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾಗ ಏನೇನು ಮಾಡಿದಿರಿ, ಮೊದಲಿನಿಂದ ಹೇಳಿ’ ಎಂದರೆ ಆರೋಗ್ಯ ವ್ಯವಸ್ಥೆಯ ಇಡೀ ಚಿತ್ರವೇ ಹೊರಬೀಳುತ್ತದೆ: ಮೊದಲು ಯಾರ ಬಳಿಗೆ ಹೋದರು, ಅಲ್ಲಿಂದ ಎಲ್ಲಿಗೆ, ಸಾಲ ಎಲ್ಲಿ ಮಾಡಿದರು, ಔಷಧಿಯನ್ನು ಏಕೆ ಅರ್ಧಕ್ಕೆ ನಿಲ್ಲಿಸಿದರು. ಮಾತಿನ ನಡುವೆ ಬರುವ ಮೌನವನ್ನು ತುಂಬಲು ಆತುರಪಡಬಾರದು. ಬುದ್ಧಿಮಾತು ಹೇಳುವ ತವಕವನ್ನೂ ಅಂದು ಅದುಮಿಟ್ಟುಕೊಳ್ಳಬೇಕು. ತುರ್ತು ಅಪಾಯ ಕಂಡರೆ ಮಾತ್ರ ಆಗಲೇ ಮಧ್ಯೆ ಪ್ರವೇಶಿಸಬೇಕು, ಉಳಿದ ಸಲಹೆಗೆ ಇನ್ನೊಂದು ಭೇಟಿಯಿದೆ. ಮಾಹಿತಿ ಏಕೆ ಬೇಕು, ಅದನ್ನು ಯಾರು ನೋಡುತ್ತಾರೆ, ಉತ್ತರಿಸದಿದ್ದರೂ ಸೇವೆ ನಿಲ್ಲುವುದಿಲ್ಲ ಎಂಬ ಮೂರು ಮಾತುಗಳನ್ನು ಹೇಳಿ ಒಪ್ಪಿಗೆ ಪಡೆದ ನಂತರವೇ ಬರೆದುಕೊಳ್ಳಲು ತೊಡಗಬೇಕು.

ಸಮೀಕ್ಷೆ ಬೇಕಾಗುವುದು ಯಾವಾಗ

ಇರುವ ದಾಖಲೆಯಲ್ಲಿ ಉತ್ತರವಿಲ್ಲದಾಗ, ಅಥವಾ ಇರುವ ಉತ್ತರ ನಂಬುವಂತಿಲ್ಲದಾಗ ಮಾತ್ರ ಮನೆಮನೆ ಸಮೀಕ್ಷೆ ಮಾಡಬೇಕು. ಅದು ದುಬಾರಿ, ಜನರ ಸಮಯವನ್ನೂ ತಿನ್ನುತ್ತದೆ. ಲಸಿಕೆಯ ವ್ಯಾಪ್ತಿಯನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ಬಳಕೆಗೆ ತಂದ ಹಳೆಯ ವಿಧಾನದಲ್ಲಿ 30 ಸಮೂಹಗಳನ್ನು (ಹಳ್ಳಿ, ಕೇರಿಯಂಥ ವಸತಿಗಳನ್ನು) ಆಯ್ದು ಪ್ರತಿಯೊಂದರಲ್ಲಿ 7 ಮಕ್ಕಳಂತೆ 210 ಮಕ್ಕಳನ್ನು ನೋಡುತ್ತಿದ್ದರು. ಸಿಗುವ ಉತ್ತರ ಸುಮಾರು 10 ಶೇಕಡಾಂಶ ಆಚೀಚೆ ಇರಬಹುದೆಂಬ ಅರಿವಿನೊಂದಿಗೇ ಅದನ್ನು ಬಳಸುತ್ತಿದ್ದರು. ಮಾದರಿ ಚಿಕ್ಕದಾದಷ್ಟೂ ಉತ್ತರದ ಅನಿಶ್ಚಿತತೆ ಹಿಗ್ಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು, ಬೀಗ ಹಾಕಿದ ಮನೆಗಳನ್ನು ಬಿಟ್ಟು ಪಕ್ಕದ ಮನೆಗೆ ಹೋಗುವ ಬದಲು ಸಂಜೆ ಮತ್ತೊಮ್ಮೆ ಅದೇ ಮನೆಗೆ ಹೋಗಬೇಕು. ಹಗಲೆಲ್ಲ ಬೀಗ ಬೀಳುವುದು ಇಬ್ಬರೂ ದುಡಿಯಲು ಹೋಗುವ ಮನೆಗಳಿಗೆ, ಅವರ ಮಕ್ಕಳ ಸ್ಥಿತಿ ಬೇರೆಯೇ ಇರಬಹುದು.

ಸಾಧ್ಯವಿರುವಲ್ಲಿ ಕೇಳಿ ಬರೆಯುವುದಕ್ಕಿಂತ ಅಳೆದು ಬರೆಯುವುದು ಲೇಸು. 6ರಿಂದ 59 ತಿಂಗಳ ಮಕ್ಕಳ ತೋಳಿನ ನಡುಭಾಗದ ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ತೀವ್ರ ಸ್ವರೂಪದ ಅಪೌಷ್ಟಿಕತೆ, 115ರಿಂದ 125ರ ಒಳಗಿದ್ದರೆ ಮಧ್ಯಮ ಸ್ವರೂಪದ್ದು ಎಂದು ಒಂದು ಅಳತೆ ಪಟ್ಟಿಯಿಂದಲೇ ಗುರುತಿಸಬಹುದು. ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, ನವಜಾತ ಶಿಶುವಿನ ತೂಕ 2,500 ಗ್ರಾಂಗಿಂತ ಕಡಿಮೆಯಿದ್ದರೆ ಕಡಿಮೆ ಜನನ ತೂಕ. ಅಳೆದು ಕಂಡುಹಿಡಿದ ಪ್ರತಿ ತೊಂದರೆಗೂ ಆರೈಕೆಗೆ ಕಳುಹಿಸುವ ಏರ್ಪಾಡು ಅಂದೇ ಇರಬೇಕು.

ಹೊಂದಿಕೆಯಾಗದ ಜಾಗಗಳನ್ನು ಹುಡುಕುವುದು

ಈಗ ಕೈಯಲ್ಲಿ ಮೂರು ಬಗೆಯ ಸಾಮಗ್ರಿಯಿದೆ: ದಾಖಲೆಗಳು ಹೇಳಿದ್ದು, ಕಣ್ಣು ಕಂಡದ್ದು, ಜನರು ಆಡಿದ್ದು. ಮೂರೂ ಒಂದೇ ಮಾತನ್ನು ಹೇಳಿದಾಗ ವಿಶ್ವಾಸ ಹೆಚ್ಚುತ್ತದೆ, ನಿಜ. ಆದರೆ ಮೌಲ್ಯಮಾಪನದ ನಿಜವಾದ ಫಲ ಸಿಗುವುದು ಅವು ಒಂದಕ್ಕೊಂದು ಹೊಂದದಿರುವ ಕಡೆ. ದಾಖಲೆಯಲ್ಲಿ ಭೇದಿ ಕಡಿಮೆ, ಬೀದಿಯಲ್ಲಿ ಚರಂಡಿಯ ನೀರು ಕೊಳವೆಯ ಮೇಲೆ ಹರಿಯುತ್ತಿದೆ, ತಾಯಂದಿರು ‘ಮಳೆಗಾಲದಲ್ಲಿ ಅದು ಇದ್ದದ್ದೇ’ ಎನ್ನುತ್ತಾರೆ ಎಂದಾದರೆ, ಜನರು ಭೇದಿಯನ್ನು ಕಾಯಿಲೆಯೆಂದು ಎಣಿಸಿ ಆರೋಗ್ಯ ಕೇಂದ್ರಕ್ಕೆ ಬರುತ್ತಿಲ್ಲವೆಂದು ಅರ್ಥಮಾಡಿಕೊಳ್ಳಬೇಕು. ಇದಕ್ಕೆ ವಿರುದ್ಧವಾಗಿ, ಒಂದು ಕೇರಿಯಲ್ಲಿ ಕ್ಷಯ ರೋಗಿಗಳ ಸಂಖ್ಯೆ ಥಟ್ಟನೆ ಏರಿದ್ದರೆ ರೋಗವೇ ಏರಿರಬಹುದು, ಅಥವಾ ಒಬ್ಬ ಶ್ರದ್ಧೆಯ ಕಾರ್ಯಕರ್ತೆ ಬಂದು ಕಫ ಪರೀಕ್ಷೆಗಳನ್ನು ಹೆಚ್ಚಿಸಿರಬಹುದು. ಎಷ್ಟು ಪರೀಕ್ಷೆಗಳಾದವು ಎಂಬ ಛೇದವನ್ನು ಕೇಳದೆ ಇದನ್ನು ಬಿಡಿಸಲಾಗದು.

1854ರಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಸಾವುಗಳನ್ನು ನಕ್ಷೆಯ ಮೇಲೆ ಗುರುತಿಸಿದ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ನೆನಪಿಟ್ಟುಕೊಳ್ಳದ ಸಂಗತಿಯೆಂದರೆ, ಸಾವುಗಳು ಇರಬೇಕಾಗಿದ್ದರೂ ಇಲ್ಲದಿದ್ದ ಜಾಗಗಳನ್ನೂ ಅವರು ಅಷ್ಟೇ ಶ್ರದ್ಧೆಯಿಂದ ವಿಚಾರಿಸಿದರು. ರೋಗದ ಮೂಲವೆಂದು ಅವರು ಶಂಕಿಸಿದ್ದ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿಗೆ ಹತ್ತಿರವೇ ಇದ್ದ ಬಡವರ ವಸತಿಗೃಹಕ್ಕೆ ತನ್ನದೇ ಬಾವಿಯಿತ್ತು. ಅದೇ ಬೀದಿಯ ಬಿಯರ್ ತಯಾರಿಕಾ ಘಟಕದ ಕೆಲಸಗಾರರು ಪಂಪಿನ ನೀರನ್ನು ಕುಡಿಯುತ್ತಿರಲಿಲ್ಲ. ಈ ಎರಡು ಕಡೆ ಕಾಲರಾ ಹೆಚ್ಚು ಕಾಣಿಸಿಕೊಳ್ಳದಿದ್ದುದು ಪಂಪಿನ ಮೇಲಿನ ಅನುಮಾನವನ್ನು ಗಟ್ಟಿಗೊಳಿಸಿತು. ಇನ್ನೂ ಮುಖ್ಯವಾದದ್ದು ಅಲ್ಲಿನ ಪಾದ್ರಿ ಹೆನ್ರಿ ವೈಟ್‌ಹೆಡ್ ಅವರ ಪಾತ್ರ. ಅವರು ಸ್ನೋ ಅವರ ವಾದವನ್ನು ಮೊದಲು ಒಪ್ಪಿರಲಿಲ್ಲ. ಆದರೆ ಆ ಮನೆಗಳ ಪರಿಚಯವಿದ್ದುದರಿಂದ ಮತ್ತೆ ಮತ್ತೆ ಹೋಗಿ ವಿಚಾರಿಸಿ, ಪಂಪಿನ ಪಕ್ಕದ ಮನೆಯಲ್ಲಿ ಮೊದಲು ಕಾಯಿಲೆ ಬಿದ್ದ ಶಿಶುವಿನ ವಿಷಯವನ್ನು ಕಂಡುಹಿಡಿದವರು ಅವರೇ. ಮನೆಯವರ ವಿಶ್ವಾಸ ಗಳಿಸಿದವರಿಗೆ ಮಾತ್ರ ಸಿಗುವ ಇಂಥ ಮಾಹಿತಿಯೇ ಶುಶ್ರೂಷಕಿಯ ಬಂಡವಾಳ.

ಇದೇ ರೀತಿ ಒಂದು ಕೇರಿ ತನ್ನಂಥದೇ ಇನ್ನೊಂದು ಕೇರಿಗಿಂತ ಚೆನ್ನಾಗಿದ್ದರೆ ಅಲ್ಲಿ ನಿಂತು ಏಕೆಂದು ಕೇಳಬೇಕು. ಬಡತನ ಒಂದೇ, ನೀರು ಒಂದೇ, ಆದರೆ ಮಕ್ಕಳ ತೂಕ ಉತ್ತಮವಾಗಿದೆ ಎಂದಾದರೆ ಅಲ್ಲಿನ ತಾಯಂದಿರು ಏನೋ ಬೇರೆ ಮಾಡುತ್ತಿದ್ದಾರೆ, ಅಥವಾ ಅಲ್ಲಿನ ಲೆಕ್ಕ ತಪ್ಪಾಗಿದೆ. ಎರಡನ್ನೂ ಪರಿಶೀಲಿಸಬೇಕು.

ನಿರ್ಣಯವನ್ನು ಬರೆಯುವುದು, ಆದ್ಯತೆಯನ್ನು ಗೊತ್ತುಪಡಿಸುವುದು

ಒಬ್ಬ ರೋಗಿಗೆ ಶುಶ್ರೂಷಾ ನಿರ್ಣಯ (ತೊಂದರೆ ಏನು, ಅದಕ್ಕೆ ಕಾರಣವೇನು ಎಂಬ ಶುಶ್ರೂಷಕಿಯ ತೀರ್ಮಾನ) ಬರೆಯುವಂತೆಯೇ ಸಮುದಾಯಕ್ಕೂ ಬರೆಯಬಹುದೆಂದು 1984ರಲ್ಲಿ ಮಾರ್ಜೊರಿ ಮ್ಯೂಕೆ ಒಂದು ಸೂತ್ರವನ್ನು ಕೊಟ್ಟರು: ಯಾವ ಅಪಾಯ, ಯಾರಲ್ಲಿ, ಯಾವ ಕಾರಣಗಳಿಗೆ ಸಂಬಂಧಿಸಿದಂತೆ. ಅದಕ್ಕೆ ಆಧಾರವನ್ನೂ ಸೇರಿಸಿಕೊಂಡರೆ ವಾಕ್ಯ ಪೂರ್ತಿಯಾಗುತ್ತದೆ. ‘ಲಸಿಕೆಯ ವ್ಯಾಪ್ತಿ ಕಡಿಮೆ’ ಎಂದು ಬರೆದರೆ ಯಾರಿಗೂ ದಾರಿ ಕಾಣುವುದಿಲ್ಲ. ‘ಕಟ್ಟಡ ಕಾರ್ಮಿಕರ ವಸತಿಯಲ್ಲಿರುವ ಎರಡು ವರ್ಷದೊಳಗಿನ ಮಕ್ಕಳಲ್ಲಿ ದಡಾರದ ಅಪಾಯವಿದೆ, ಇದು ಲಸಿಕಾ ಅಧಿವೇಶನಗಳು ಕೆಲಸದ ವೇಳೆಯಲ್ಲಿಯೇ ನಡೆಯುವುದಕ್ಕೂ, ಹಿಂದಿನ ಊರಿನ ಲಸಿಕಾ ಚೀಟಿ ಇಲ್ಲವೆಂದು ಹಿಂದಕ್ಕೆ ಕಳುಹಿಸಿದ್ದಕ್ಕೂ ಸಂಬಂಧಿಸಿದೆ, ಮನೆ ಭೇಟಿಯ ದಾಖಲೆ ಮತ್ತು ತಾಯಂದಿರ ಹೇಳಿಕೆ ಇದಕ್ಕೆ ಆಧಾರ’ ಎಂದು ಬರೆದರೆ ಮುಂದೇನು ಮಾಡಬೇಕೆಂಬುದು ಆ ವಾಕ್ಯದಲ್ಲಿಯೇ ಇದೆ. ಕಾರಣದ ಭಾಗದಲ್ಲಿ ‘ಅಜ್ಞಾನ’, ‘ನಿರ್ಲಕ್ಷ್ಯ’ ಎಂಬ ಪದಗಳು ಬಂದರೆ ಅವನ್ನು ಹೊಡೆದುಹಾಕಿ ಮತ್ತೊಮ್ಮೆ ವಿಚಾರಿಸಲು ಹೋಗಬೇಕು. ಬಹುತೇಕ ಸಂದರ್ಭಗಳಲ್ಲಿ ಆ ಪದಗಳ ಕೆಳಗೆ ಬಸ್ಸಿನ ವೇಳೆ, ಕಳೆದುಹೋಗುವ ದಿನಗೂಲಿ, ಅರ್ಥವಾಗದ ಭಾಷೆ ಇವೇ ಇರುತ್ತವೆ.

ಹೀಗೆ ಬರೆದ ನಿರ್ಣಯಗಳು ಹತ್ತು ಹನ್ನೆರಡಾಗಬಹುದು, ಎಲ್ಲವನ್ನೂ ಒಮ್ಮೆಗೇ ಕೈಗೆತ್ತಿಕೊಳ್ಳುವುದು ಆಗದ ಮಾತು. ಆದ್ಯತೆಗೆ ಹ್ಯಾನ್‌ಲನ್ ವಿಧಾನ ಹೆಚ್ಚು ಬಳಕೆಯಲ್ಲಿದೆ: ಸಮಸ್ಯೆಯ ಗಾತ್ರಕ್ಕೆ, ಅದರ ತೀವ್ರತೆಗೆ, ಲಭ್ಯವಿರುವ ಪರಿಹಾರದ ಪರಿಣಾಮಕ್ಕೆ ತಲಾ 10ರೊಳಗೆ ಅಂಕ ಕೊಟ್ಟು, ತೀವ್ರತೆಯ ಅಂಕವನ್ನು ಇಮ್ಮಡಿಗೊಳಿಸಿ ಗಾತ್ರದ ಅಂಕಕ್ಕೆ ಕೂಡಿಸಿ, ಬಂದ ಮೊತ್ತವನ್ನು ಪರಿಣಾಮದ ಅಂಕದಿಂದ ಗುಣಿಸುತ್ತಾರೆ. ಗಾತ್ರ 6, ತೀವ್ರತೆ 8, ಪರಿಣಾಮ 7 ಇರುವ ಸಮಸ್ಯೆಗೆ 154 ಅಂಕ ಬರುತ್ತದೆ. ಗಾತ್ರ 9, ತೀವ್ರತೆ 8 ಇದ್ದರೂ ಪರಿಣಾಮ 3 ಮಾತ್ರ ಇರುವ ಸಮಸ್ಯೆಗೆ 75. ದೊಡ್ಡ ಸಮಸ್ಯೆಯೆಂಬ ಕಾರಣಕ್ಕೇ ಅದು ಮೊದಲು ಬರಬೇಕಾಗಿಲ್ಲ ಎಂಬುದನ್ನು ಈ ಗುಣಾಕಾರ ತೋರಿಸುತ್ತದೆ. ನಂತರ ಆ ಪರಿಹಾರ ಯೋಗ್ಯವೇ, ಆರ್ಥಿಕವಾಗಿ ಸರಿಯೇ, ಜನರಿಗೆ ಒಪ್ಪಿಗೆಯೇ, ಸಂಪನ್ಮೂಲವಿದೆಯೇ, ಕಾನೂನಿಗೆ ಹೊಂದುತ್ತದೆಯೇ ಎಂಬ ಐದು ಪ್ರಶ್ನೆಗಳಿಗೆ ಉತ್ತರಿಸಬೇಕು. ಒಂದಕ್ಕೆ ‘ಇಲ್ಲ’ ಎಂದರೂ ಆ ಪರಿಹಾರವನ್ನು ಸದ್ಯಕ್ಕೆ ಬದಿಗಿಡಬೇಕಾಗುತ್ತದೆ.

ಅಂಕಗಳನ್ನು ಕೊಡುವವರು ಯಾರು ಎಂಬುದರಲ್ಲಿ ನನಗೆ ಹೆಚ್ಚಿನ ಆಸಕ್ತಿ. ಸಿಬ್ಬಂದಿ ಒಂದು ಹಾಳೆಯಲ್ಲಿ, ಸಮುದಾಯದವರು ಇನ್ನೊಂದು ಹಾಳೆಯಲ್ಲಿ ಬೇರೆಬೇರೆಯಾಗಿ ಅಂಕ ಕೊಟ್ಟು ಆಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಇಡುವುದು ಒಳ್ಳೆಯ ಪದ್ಧತಿ. ಸಿಬ್ಬಂದಿ ರಕ್ತದೊತ್ತಡಕ್ಕೆ ಹೆಚ್ಚಿನ ಅಂಕ ಕೊಟ್ಟಲ್ಲಿ ಜನರು ಬೀದಿದೀಪಕ್ಕೆ ಕೊಡಬಹುದು. ಆಗ ಜನರಿಗೆ ತಿಳಿವಳಿಕೆ ಸಾಲದು ಎಂದು ಎಣಿಸುವ ಬದಲು, ಬೀದಿದೀಪವಿಲ್ಲದ ದಾರಿಯಲ್ಲಿ ಸಂಜೆಯ ರಕ್ತದೊತ್ತಡ ತಪಾಸಣೆಗೆ ಯಾರು ಬರುತ್ತಾರೆ ಎಂದು ಯೋಚಿಸಿದರೆ ಎರಡು ಪಟ್ಟಿಗಳೂ ಹತ್ತಿರವಾಗುತ್ತವೆ. ಬೀದಿದೀಪ ಆರೋಗ್ಯ ಇಲಾಖೆಯ ಕೆಲಸವಲ್ಲದಿರಬಹುದು. ಆದರೆ ಅದನ್ನು ಸಂಬಂಧಪಟ್ಟವರ ಮುಂದೆ ಆಧಾರಸಹಿತ ಇಡುವುದು ಶುಶ್ರೂಷಕಿಯ ಕೆಲಸವೇ.

ವರದಿಯನ್ನು ಹಿಂದಿರುಗಿಸುವುದು

ವರದಿ ಮೇಲಧಿಕಾರಿಗೆ ಹೋಗುವ ಮೊದಲು, ಅಥವಾ ಕನಿಷ್ಠ ಅದೇ ವಾರದಲ್ಲಿ, ಮಾಹಿತಿ ಕೊಟ್ಟ ಜನರ ಮುಂದೆ ಓದಲ್ಪಡಬೇಕು. ಅಕ್ಷರ ಬಾರದವರಿಗೂ ತಿಳಿಯುವಂತೆ ನೆಲದ ಮೇಲೆ ಬರೆದ ನಕ್ಷೆ, ಚಿತ್ರ, ಸರಳವಾದ ಸಂಖ್ಯೆಗಳು ಸಾಕು. ಜನರು ‘ಇದು ಹೀಗಲ್ಲ’ ಎಂದು ತಿದ್ದಿದರೆ ಆ ತಿದ್ದುಪಡಿಯೂ ವರದಿಯಲ್ಲಿ ಸೇರಬೇಕು. ಒಂದು ಎಚ್ಚರಿಕೆ ಅಗತ್ಯ: ಸಣ್ಣ ಸಮುದಾಯದಲ್ಲಿ ‘ಎಚ್‌ಐವಿ ಸೋಂಕಿತರು 2’ ಎಂದು ಬರೆದರೆ ಆ ಇಬ್ಬರು ಯಾರೆಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಐದಕ್ಕಿಂತ ಕಡಿಮೆಯಿರುವ ಸಂಖ್ಯೆಗಳನ್ನು ಬಹಿರಂಗ ವರದಿಯಲ್ಲಿ ಕಾಣಿಸದೆ ದೊಡ್ಡ ಗುಂಪಿನೊಳಗೆ ಸೇರಿಸುವುದು ಹಲವೆಡೆ ಅನುಸರಿಸುವ ಕ್ರಮ. ಹೆಸರು, ಮನೆಯ ಗುರುತು, ಫೋಟೋ ಯಾವುದೂ ಒಪ್ಪಿಗೆಯಿಲ್ಲದೆ ಹೊರಗೆ ಹೋಗಬಾರದು.

ಪ್ರತಿ ಆದ್ಯತೆಯ ಎದುರು ಮುಂದಿನ ಬಾರಿ ಏನನ್ನು ಅಳೆಯುತ್ತೇವೆ, ಯಾವಾಗ ಅಳೆಯುತ್ತೇವೆ, ಈಗಿನ ಮಟ್ಟ ಎಷ್ಟು ಎಂಬ ಮೂರು ವಿವರಗಳನ್ನು ಬರೆದಿಡಬೇಕು. ಉದಾಹರಣೆಗೆ, ಮೇಲಿನ ಕಾರ್ಮಿಕ ವಸತಿಯಲ್ಲಿ ಸಂಜೆಯ ಲಸಿಕಾ ಅಧಿವೇಶನ ಆರಂಭವಾದ ಆರು ತಿಂಗಳಿಗೆ ಮೂರನೆಯ ಡೋಸ್ ಬಿಟ್ಟುಹೋಗುವವರ ಪ್ರಮಾಣವನ್ನು ಮತ್ತೆ ಲೆಕ್ಕ ಹಾಕುವುದು. ಅಷ್ಟರಲ್ಲಿ ಆ ವಸತಿಯಲ್ಲಿ ಹಳಬರು ಹೋಗಿ ಹೊಸಬರು ಬಂದಿರುತ್ತಾರಾದ್ದರಿಂದ, ಹಳೆಯ ಪಟ್ಟಿಯನ್ನು ಹಿಡಿದುಕೊಂಡು ಲೆಕ್ಕ ಹಾಕದೆ, ಅಂದು ಅಲ್ಲಿರುವ ಎರಡು ವರ್ಷದೊಳಗಿನ ಮಕ್ಕಳನ್ನೆಲ್ಲ ಮೊದಲು ಹೊಸದಾಗಿ ಎಣಿಸಿಕೊಳ್ಳಬೇಕು.